−7 − 5 ಮಾಡಿದರೆ ಪ್ಲಸ್ 12 ಬರುತ್ತಿದೆ: 7ನೇ ಕ್ಲಾಸಿನ ಪೂರ್ಣಾಂಕಗಳ ಕೂಡು-ಕಳೆ ಸರಿಪಡಿಸೋದು ಹೇಗೆ?

ರಾಜಾಜಿನಗರ_ಪೋಷಕಿ

ಮಗಳು ಏಳನೇ ಕ್ಲಾಸು. ಪೂರ್ಣಾಂಕಗಳ ಗುಣಾಕಾರ, ಭಾಗಾಕಾರ ತಪ್ಪಿಲ್ಲದೆ ಮಾಡುತ್ತಾಳೆ. ಕೂಡೋದು, ಕಳೆಯೋದು ಬಂದರೆ ಎಡವಟ್ಟು. ಆರನೇ ಕ್ಲಾಸಿನಲ್ಲಿ ಇದೇ ಕೂಡು-ಕಳೆ ಸರಿಯಾಗಿತ್ತು ಅನ್ನೋದೇ ಅರ್ಥವಾಗದ ವಿಷಯ. ಅವಳ ವರ್ಕ್‌ಶೀಟಿನಲ್ಲಿ ಇರೋದನ್ನು ಹಾಗೇ ಇಳಿಸಿದ್ದೀನಿ:

−7 − 5 = 12
−7 + 5 = −12
9 + (−4) = 5
4 − (−6) = −2
−15 − (−9) = 24
(−3) × (−8) = 24
(−20) ÷ 5 = −4
12 − 8 + 3 = 1
ಏರಿಕೆ ಕ್ರಮ: −1, −3, −8, 0, 5

ಟ್ಯೂಷನ್‌ನಲ್ಲಿ ಬಾಯಿಪಾಠ ಮಾಡಿಸಿರೋದು "ಮೈನಸ್ ಮೈನಸ್ ಪ್ಲಸ್, ಪ್ಲಸ್ ಮೈನಸ್ ಮೈನಸ್". ಇದೆಲ್ಲ ಒಂದೇ ತಪ್ಪೋ, ಬೇರೆ ಬೇರೆಯೋ? ಎಲ್ಲಿಂದ ತಿದ್ದಬೇಕು? ಇನ್ನೊಂದು ನೂರು ಲೆಕ್ಕ ಮಾಡಿಸಿದರೆ ದಾರಿಗೆ ಬರುತ್ತಾ?

---

ಮಲ್ಲೇಶ್ವರಂ_ಗಣಿತ

ನೂರು ಲೆಕ್ಕ ಈಗಲೇ ಬೇಡ. ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತೆ.

ಇಲ್ಲಿ ನಾಲ್ಕು ಬೇರೆ ಬೇರೆ ತಪ್ಪುಗಳಿವೆ. ಯಾವುದೂ ಗಮನವಿಲ್ಲದೆ ಆದದ್ದಲ್ಲ. ಹುಡುಗಿ ಕಲಿತ ನಿಯಮವನ್ನು ಶಿಸ್ತಾಗಿಯೇ ಪಾಲಿಸಿದ್ದಾಳೆ, ಪಾಲಿಸಿದ ಜಾಗ ತಪ್ಪು.

−7 − 5ರಲ್ಲಿ ಅವಳಿಗೆ ಕಂಡದ್ದು ಎರಡು ಮೈನಸ್. "ಮೈನಸ್ ಮೈನಸ್ ಪ್ಲಸ್". 7 ಮತ್ತು 5 ಕೂಡಿ 12. −7 + 5ರಲ್ಲಿ ಒಂದು ಮೈನಸ್, ಒಂದು ಪ್ಲಸ್. "ಪ್ಲಸ್ ಮೈನಸ್ ಮೈನಸ್". ಮತ್ತೆ 12, ಹಿಂದೆ ಮೈನಸ್. ಆ ಮಂತ್ರ ಗುಣಾಕಾರ, ಭಾಗಾಕಾರಕ್ಕೆ ಮಾತ್ರ ಸೇರಿದ್ದು. ಆರನೇ ಕ್ಲಾಸಿನಲ್ಲಿ ಮಂತ್ರವೇ ಇರಲಿಲ್ಲ, ಸಂಖ್ಯಾರೇಖೆ ನೋಡಿ ಮಾಡುತ್ತಿದ್ದಳು, ಅದಕ್ಕೇ ಸರಿ ಬರುತ್ತಿತ್ತು. ಏಳರಲ್ಲಿ ಗುಣಾಕಾರದ ನಿಯಮ ಬಂದು ಹಿಂದಿನ ಪಾಠದೊಳಕ್ಕೆ ನುಗ್ಗಿದೆ. ತುಂಬಾ ಮಕ್ಕಳಲ್ಲಿ ಹೀಗೇ ಆಗುತ್ತೆ.

ಎರಡನೇ ತಪ್ಪು ಬ್ರಾಕೆಟ್ ನುಂಗೋದು. 4 − (−6)ಕ್ಕೆ −2 ಬರೆದಿದ್ದಾಳೆ ಅಂದರೆ ಓದಿಕೊಂಡದ್ದು 4 − 6. −15 − (−9)ರಲ್ಲಿ ಎರಡೂ ತಪ್ಪು ಒಂದರ ಮೇಲೊಂದು ಕೂತಿವೆ: ಮೊದಲು ಬ್ರಾಕೆಟ್ ನುಂಗಿ −15 − 9 ಮಾಡಿಕೊಂಡಳು, ಆಮೇಲೆ ಮಂತ್ರ ಹಾಕಿ 24 ತಂದಳು. ಸರಿಯುತ್ತರ −6. ಬರೀ ಉತ್ತರ ನೋಡಿ ತಪ್ಪು ಅಂತ ಅಡ್ಡಗೆರೆ ಹೊಡೆದರೆ ಇದು ಗೊತ್ತಾಗೋದೇ ಇಲ್ಲ.

9 + (−4) = 5 ಸರಿ ಬಂದಿದೆ ಅಂತ ಸಮಾಧಾನ ಪಡಬೇಡಿ. 4 + (−9) ಕೊಟ್ಟು ನೋಡಿ. ಅದಕ್ಕೂ 5 ಬರೆದರೆ, ದೊಡ್ಡದರಿಂದ ಚಿಕ್ಕದು ಕಳೆಯೋ ಹಳೇ ಅಭ್ಯಾಸ ನಡೀತಿದೆ ಅಂತ ಅರ್ಥ.

ಮೂರನೆಯದು 12 − 8 + 3. ಇದು ಪೂರ್ಣಾಂಕದ ತಪ್ಪಲ್ಲ, ಬೋಡ್‌ಮಾಸ್ (ಯಾವ ಕ್ರಿಯೆ ಮೊದಲು ಅಂತ ನೆನಪಿಡೋಕೆ ಕಲಿಸೋ ಪದ) ತಂದಿಟ್ಟ ಫಜೀತಿ. ಆ ಪದದಲ್ಲಿ ಕೂಡೋದು ಮೊದಲು, ಕಳೆಯೋದು ಆಮೇಲೆ ಬರುತ್ತೆ. ಹಾಗಾಗಿ ಮಕ್ಕಳು 8 + 3 = 11 ಮೊದಲು ಮಾಡಿ, 12ರಿಂದ ಕಳೆದು 1 ಬರೆಯುತ್ತಾರೆ. ಎರಡಕ್ಕೂ ಸಮಾನ ದರ್ಜೆ, ಎಡದಿಂದ ಬಲಕ್ಕೆ ಯಾವುದು ಮೊದಲು ಸಿಗುತ್ತೋ ಅದು. 12 − 8 = 4, 4 + 3 = 7. ಗುಣಾಕಾರ-ಭಾಗಾಕಾರಕ್ಕೂ ಇದೇ ಮಾತು: (−18) ÷ 3 × (−2) ಅಂದರೆ −6 × (−2) = 12. ಗುಣಾಕಾರ ಮೊದಲು ಮಾಡಿದವರಿಗೆ 3 ಬರುತ್ತೆ, ತಪ್ಪು.

ನಾಲ್ಕನೆಯದು ಏರಿಕೆ ಕ್ರಮ. ಸರಿಯುತ್ತರ −8, −3, −1, 0, 5. ಋಣ ಸಂಖ್ಯೆಗಳು ಸೊನ್ನೆಗಿಂತ ಚಿಕ್ಕವು ಅನ್ನೋದು ಅವಳಿಗೆ ಗೊತ್ತಿದೆ, ಅವುಗಳನ್ನು ತಮ್ಮತಮ್ಮಲ್ಲೇ ಹೋಲಿಸುವಾಗ ಚಿಹ್ನೆ ಮರೆತು ಅಂಕಿ ನೋಡುತ್ತಿದ್ದಾಳೆ. ತಿದ್ದೋದನ್ನು ಇಲ್ಲಿಂದಲೇ ಶುರು ಮಾಡಿ. ಎರಡು ಸಂಖ್ಯೆಗಳಲ್ಲಿ ಸಂಖ್ಯಾರೇಖೆಯ ಬಲಕ್ಕಿರೋದು ಯಾವತ್ತೂ ದೊಡ್ಡದು, ಅಷ್ಟೇ ನಿಯಮ. ಇದು ಕೂರದೆ ಮುಂದಿನದು ಯಾವುದೂ ನಿಲ್ಲಲ್ಲ.

ಇನ್ನೊಂದು ಇವತ್ತೇ ಮಾಡಬಹುದಾದ ಕೆಲಸ. ಓದುವಾಗ ಎರಡು ಮೈನಸ್‌ಗೂ ಒಂದೇ ಹೆಸರು ಬೇಡ. ಸಂಖ್ಯೆಗೆ ಅಂಟಿಕೊಂಡದ್ದು "ಋಣ", ಮಾಡಬೇಕಾದ ಕೆಲಸ "ಕಳೆ". −15 − (−9) ಅನ್ನು "ಋಣ ಹದಿನೈದು, ಕಳೆ, ಋಣ ಒಂಬತ್ತು" ಅಂತ ಜೋರಾಗಿ ಓದಲಿ. −7 − 5 ಅಂದರೆ "ಋಣ ಏಳು, ಕಳೆ, ಐದು". ಇಲ್ಲಿ ಎರಡು ಋಣ ಇಲ್ಲವೇ ಇಲ್ಲ ಅನ್ನೋದು ಅವಳ ಕಿವಿಗೇ ಬೀಳುತ್ತೆ.

---

ಚೌಕಾಬಾರ

ಮೇಲಿನವರ ತಪಾಸಣೆಗೆ ನನ್ನದೂ ಒಪ್ಪಿಗೆ. ಬ್ರಾಕೆಟ್ ನುಂಗೋದಕ್ಕೆ ಕೈಯಲ್ಲಿ ಹಿಡಿಯೋ ವಸ್ತು ಬೇಕು, ಬಾಯಿಮಾತು ಸಾಲದು. ಚೌಕಾಬಾರಕ್ಕೆ ತೇಯೋ ಹಾಗೆ ಹುಣಸೆ ಬೀಜಗಳನ್ನು ಒಂದು ಮಗ್ಗುಲು ಒರಟು ಕಲ್ಲಿನ ಮೇಲೆ ತೇಯ್ದು ಬೆಳ್ಳಗೆ ಮಾಡಿ. ಇಪ್ಪತ್ತು ಬೀಜ ಸಾಕು. ಬಿಳಿ ಮೇಲಿದ್ದರೆ +1, ಕಂದು ಮೇಲಿದ್ದರೆ −1. ಒಂದು ಬಿಳಿ, ಒಂದು ಕಂದು ಸೇರಿದರೆ ಸೊನ್ನೆ ಜೋಡಿ. ಜೋಡಿ ಇಟ್ಟರೂ ತೆಗೆದರೂ ಬೆಲೆ ಬದಲಾಗಲ್ಲ.

ಯಾವ ಲೆಕ್ಕದಿಂದ ಶುರು ಮಾಡುತ್ತೀರಿ ಅನ್ನೋದು ಮುಖ್ಯ. ನೋಡೋಕೆ ಕಷ್ಟವಾಗಿ ಕಾಣೋ −15 − (−9) ಬೀಜದಲ್ಲಿ ಎಲ್ಲಕ್ಕಿಂತ ಸುಲಭ. 15 ಕಂದು ಇಡಿ, ಅದರಲ್ಲಿ 9 ಕಂದು ಎತ್ತಿ. 6 ಕಂದು ಉಳೀತು, ಉತ್ತರ −6. ನಿಯಮವೇ ಬೇಕಾಗಲಿಲ್ಲ. ಇಂಥವು ಐದಾರು ಆಗಲಿ.

ಆಮೇಲೆ 4 − (−6). ಇರೋದು 4 ಬಿಳಿ, ಎತ್ತಬೇಕಾದ್ದು 6 ಕಂದು, ಒಂದೂ ಇಲ್ಲ. "ಇಲ್ಲದ್ದನ್ನ ಹೇಗೆ ಎತ್ತೋದು?" ಅಂತ ಅವಳೇ ಕೇಳಬೇಕು, ಅಲ್ಲೀತನಕ ಸುಮ್ಮನಿರಿ. 6 ಸೊನ್ನೆ ಜೋಡಿ ತಂದು ಇಡಿ. ಈಗ ಮಣೆ ಮೇಲೆ 10 ಬಿಳಿ, 6 ಕಂದು, ಬೆಲೆ ಮಾತ್ರ ಇನ್ನೂ 4. ಆ 6 ಕಂದು ಎತ್ತಿದರೆ 10 ಬಿಳಿ. ಋಣ 6 ಕಳೆದದ್ದರಿಂದ 6 ಹೆಚ್ಚಾಯಿತು. ಯಾಕೆ ಅಂದರೆ ಜೋಡಿಯ ಬಿಳಿ ಮಗ್ಗುಲು ಅಲ್ಲೇ ಉಳಿದುಬಿಟ್ಟಿತು.

ಮೂರನೇ ಸರದಿ −7 − 5. 7 ಕಂದು ಇದೆ, 5 ಬಿಳಿ ಎತ್ತಬೇಕು. 5 ಜೋಡಿ ಇಟ್ಟರೆ 12 ಕಂದು, 5 ಬಿಳಿ. ಬಿಳಿ ಎತ್ತಿ. 12 ಕಂದು. ಮಂತ್ರ ಕೊಟ್ಟ ಪ್ಲಸ್ 12 ಎಷ್ಟು ತಪ್ಪು ಅಂತ ಮಣೆಯೇ ತೋರಿಸುತ್ತೆ.

ಎಲ್ಲಿ ಕೆಡುತ್ತೆ ಅಂದರೆ: ಜೋಡಿ ಇಡುವ ಬದಲು ಬರೀ ಕಂದು 6 ಇಡುತ್ತಾರೆ, ಆಗ ಬೆಲೆ ಬದಲಾಗಿಹೋಗುತ್ತೆ. ಪ್ರತಿ ಸಲ ಜೋಡಿ ಇಟ್ಟ ಮೇಲೆ "ಈಗ ಬೆಲೆ ಎಷ್ಟು?" ಅಂತ ಕೇಳಿ. ಇನ್ನು ಕೆಲವರು ಮಣೆ ಮೇಲಿನ ಬೀಜಗಳನ್ನೆಲ್ಲ ಎಣಿಸಿ 16 ಅನ್ನುತ್ತಾರೆ. ಬೀಜದ ಸಂಖ್ಯೆ ಬೇರೆ, ಬೆಲೆ ಬೇರೆ. ಎತ್ತಿದ ಬೀಜ ಮಣೆಯ ಪಕ್ಕದಲ್ಲೇ ಇಟ್ಟರೆ ಅದೂ ಎಣಿಕೆಗೆ ಸೇರಿಕೊಳ್ಳುತ್ತೆ, ಡಬ್ಬಿಗೇ ಹಾಕಿಸಿ.

---

ನೇರಳೆ_ಲೈನ್

ಬೀಜ ಚೆನ್ನ, ಆದರೆ 40 − (−75) ಬಂದಾಗ ಯಾರೂ ಬೀಜ ಎಣಿಸಲ್ಲ. ಕಳೆಯೋದು ಅಂದರೆ ಎತ್ತೋದು ಮಾತ್ರ ಅಂತ ಕೂತುಬಿಟ್ಟರೂ ತೊಂದರೆ. ಎರಡು ಜಾಗಗಳ ನಡುವೆ ಎಷ್ಟು ದೂರ, ಯಾವ ಕಡೆಗೆ ಅನ್ನೋದೂ ಕಳೆಯೋದೇ.

ಪಠ್ಯಪುಸ್ತಕದವರು ಇದಕ್ಕೆ ತಾಪಮಾನದ ಉದಾಹರಣೆ ಕೊಡುತ್ತಾರೆ. ನಮ್ಮೂರಲ್ಲಿ ದಾಖಲೆಯ ಕನಿಷ್ಠವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಬೆಂಗಳೂರಿನ ಮಗುವಿಗೆ ಸೊನ್ನೆಗಿಂತ ಕೆಳಗಿನ ಚಳಿ ಗೊತ್ತಿರೋದು ಫ್ರೀಜರಿನೊಳಗೆ ಮಾತ್ರ. ಮೆಟ್ರೋ ನಕ್ಷೆ ವಾಸಿ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ಸೊನ್ನೆ ಅಂದುಕೊಳ್ಳಿ. ವೈಟ್‌ಫೀಲ್ಡ್ ಕಡೆ ಧನ: ಸೆಂಟ್ರಲ್ ಕಾಲೇಜ್ 1, ವಿಧಾನಸೌಧ 2, ಕಬ್ಬನ್ ಪಾರ್ಕ್ 3, ಎಂ.ಜಿ. ರಸ್ತೆ 4. ಮೈಸೂರು ರಸ್ತೆ ಕಡೆ ಋಣ: ಸಿಟಿ ರೈಲ್ವೆ ನಿಲ್ದಾಣ −1, ಮಾಗಡಿ ರಸ್ತೆ −2, ಹೊಸಹಳ್ಳಿ −3, ವಿಜಯನಗರ −4.

"ತಲುಪಿದ ಜಾಗ − ಹೊರಟ ಜಾಗ = ಪ್ರಯಾಣ" ಅಂತ ಬರೆಸಿ.

ವಿಜಯನಗರದಿಂದ ಕಬ್ಬನ್ ಪಾರ್ಕಿಗೆ: 3 − (−4) = 7. ಏಳು ಸ್ಟಾಪು, ವೈಟ್‌ಫೀಲ್ಡ್ ಕಡೆಗೆ.
ಕಬ್ಬನ್ ಪಾರ್ಕಿನಿಂದ ವಿಜಯನಗರಕ್ಕೆ: −4 − 3 = −7. ದೂರ ಅಷ್ಟೇ, ದಿಕ್ಕು ತಿರುಗಿತು.
ವಿಜಯನಗರದಿಂದ ಮಾಗಡಿ ರಸ್ತೆಗೆ: −2 − (−4) = 2. ಎರಡೂ ಜಾಗ ಋಣ, ಪ್ರಯಾಣ ಧನ.

ಈ ಮೂರನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಇರುವ ಜಾಗದ ಚಿಹ್ನೆ ಬೇರೆ, ಚಲನೆಯ ಚಿಹ್ನೆ ಬೇರೆ ಅನ್ನೋದು ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣಲ್ಲ. ಎರಡೂ ಅದಲು ಬದಲು ಮಾಡಿದರೆ ಉತ್ತರದ ಚಿಹ್ನೆ ಮಾತ್ರ ಬದಲಾಗುತ್ತೆ ಅಂತಲೂ ಇಲ್ಲೇ ತೋರಿಸಬಹುದು. ಕಳೆಯೋದಕ್ಕೆ ಪರಿವರ್ತನೀಯ ಗುಣ (ಅದಲು ಬದಲು ಮಾಡಿದರೂ ಉತ್ತರ ಅದೇ ಬರೋದು) ಇಲ್ಲ ಅಂತ ಪರೀಕ್ಷೆಯಲ್ಲಿ ಬರೆಯಲು ಉದಾಹರಣೆ ಸಿಕ್ಕಿತು.

ಒಂದು ಎಚ್ಚರಿಕೆ: ಮಕ್ಕಳು ಹೊರಟ ನಿಲ್ದಾಣವನ್ನೂ ಎಣಿಸಿ 8 ಅನ್ನುತ್ತಾರೆ. ಎಣಿಸಬೇಕಾದ್ದು ಚುಕ್ಕಿಗಳನ್ನಲ್ಲ, ಚುಕ್ಕಿಗಳ ನಡುವಿನ ಜಿಗಿತಗಳನ್ನು. ಸಂಖ್ಯಾರೇಖೆಯಲ್ಲಿ ಉತ್ತರ ಒಂದು ಹೆಚ್ಚೋ ಕಡಿಮೆಯೋ ಬಂದರೆ ಹೆಚ್ಚಾಗಿ ಕಾರಣ ಇದೇ.

ವಾಕ್ಯರೂಪದ ಲೆಕ್ಕಕ್ಕೂ ಇದೇ ದಾರಿ. ಓವರ್‌ಹೆಡ್ ಟ್ಯಾಂಕ್ ನೆಲದಿಂದ 12 ಮೀಟರ್ ಮೇಲೆ, ಬೋರ್‌ವೆಲ್ ಮೋಟಾರ್ 90 ಮೀಟರ್ ಕೆಳಗೆ. ನೇರ ಪೈಪ್ ಎಷ್ಟು ಬೇಕು? 12 − (−90) = 102 ಮೀಟರ್. ಬ್ರಾಕೆಟ್ ನುಂಗಿದವರು 78 ಬರೆಯುತ್ತಾರೆ. ಮೋಟಾರಿನಿಂದ ನೆಲಕ್ಕೇ 90 ಬೇಕಲ್ಲ, 78 ಎಲ್ಲಿ ಮುಟ್ಟುತ್ತೆ ಅಂತ ಕೇಳಿ. ತನ್ನ ತಪ್ಪು ತಾನೇ ಹಿಡಿಯೋದಕ್ಕೆ ಇಂಥ ಲೆಕ್ಕ ಒಳ್ಳೇದು.

---

ರಾಜಾಜಿನಗರ_ಪೋಷಕಿ

4 + (−9) ಕೊಟ್ಟೆ, 5 ಅಂತಲೇ ಬರೆದಳು. ಬೀಜ, ಮೆಟ್ರೋ ಎರಡೂ ಇಟ್ಟುಕೊಳ್ಳುತ್ತೇನೆ. ಪರೀಕ್ಷೆಯಲ್ಲಿ ಸ್ಟೆಪ್ ಹೇಗೆ ಬರೆಯಬೇಕು? ಹಾಗೇ, "ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ?" ಅಂತ ಕೇಳುತ್ತಿದ್ದಾಳೆ. ಸಾಲದ ಉದಾಹರಣೆ ಹೇಳೋಕೆ ಹೋದರೆ ನನಗೇ ಗೋಜಲಾಗುತ್ತಿದೆ.

---

ಮಲ್ಲೇಶ್ವರಂ_ಗಣಿತ

ಪರೀಕ್ಷೆಗೆ ಎರಡೇ ಹೆಜ್ಜೆ.

ಮೊದಲು, ಕಳೆಯೋದೆಲ್ಲ ಕೂಡೋದಾಗಲಿ. "ಕಳೆ" ಇದ್ದ ಕಡೆ "ಕೂಡು" ಬರೆದು, ಅದರ ಮುಂದಿನ ಸಂಖ್ಯೆಯ ಬದಲು ಅದರ ಸಂಕಲನ ವಿಲೋಮ, ಅಂದರೆ ಚಿಹ್ನೆ ತಿರುಗಿಸಿದ ಸಂಖ್ಯೆ, ಹಾಕಬೇಕು. ಮೊದಲ ಸಂಖ್ಯೆ ಮುಟ್ಟಬಾರದು. ಎರಡು ಬದಲಾವಣೆ, ಎರಡೂ ಒಟ್ಟಿಗೆ. ಒಂದೇ ಮಾಡಿ ಬಿಟ್ಟರೆ ಲೆಕ್ಕ ಕೆಟ್ಟಿತು.

−7 − 5 = (−7) + (−5)
4 − (−6) = 4 + 6
−15 − (−9) = (−15) + 9

ಎರಡನೆಯದು ಕೂಡೋದು. ಚಿಹ್ನೆ ಒಂದೇ ಆದರೆ ಅಂಕಿಗಳನ್ನು ಕೂಡಿ ಅದೇ ಚಿಹ್ನೆ ಹಾಕಿ: (−7) + (−5) = −12. ಚಿಹ್ನೆ ಬೇರೆಯಾದರೆ ದೊಡ್ಡ ಅಂಕಿಯಿಂದ ಚಿಕ್ಕದು ಕಳೆದು, ದೊಡ್ಡ ಅಂಕಿಯ ಚಿಹ್ನೆ ಹಾಕಿ: (−15) + 9 = −6. ಇಲ್ಲಿ "ದೊಡ್ಡ ಅಂಕಿ" ಅಂದರೆ ಸೊನ್ನೆಯಿಂದ ಹೆಚ್ಚು ದೂರ ಇರೋದು ಅಂತ, ಬೆಲೆಯಲ್ಲಿ ದೊಡ್ಡದು ಅಂತಲ್ಲ. −15ರ ಬೆಲೆ 9ಕ್ಕಿಂತ ಚಿಕ್ಕದೇ. ಏರಿಕೆ ಕ್ರಮ ತಪ್ಪಾಗಿ ಕೂತಿರೋ ಮಗುವಿಗೆ ಈ ವಾಕ್ಯ ತಲೆಕೆಳಗಾಗುತ್ತೆ, ಅದಕ್ಕೇ ಕ್ರಮದಿಂದ ಶುರು ಮಾಡಿ ಅಂದದ್ದು. 4 + (−9)ರಲ್ಲಿ ಅವಳು ಚಿಹ್ನೆ ಹಾಕೋದನ್ನು ಬಿಟ್ಟಿದ್ದಾಳೆ ಅಷ್ಟೇ. 9 ದೂರದ್ದು, ಅದರ ಚಿಹ್ನೆ ಋಣ, −5.

ಈ ಮೊದಲ ಹೆಜ್ಜೆ ಬೋಡ್‌ಮಾಸ್ ಕಾಟಕ್ಕೂ ಮದ್ದು. 12 − 8 + 3 = 12 + (−8) + 3 ಅಂತ ಬರೆದ ಮೇಲೆ ಯಾವ ಕ್ರಮದಲ್ಲಿ ಕೂಡಿದರೂ 7ರೇ. ಉದ್ದ ಲೆಕ್ಕದಲ್ಲಿ ಧನ ಎಲ್ಲ ಒಂದು ಕಡೆ, ಋಣ ಎಲ್ಲ ಒಂದು ಕಡೆ ಗುಡ್ಡೆ ಹಾಕಬಹುದು: −6 + 14 − 9 + 2 ಅಂದರೆ ಧನ 16, ಋಣ 15, ಉತ್ತರ 1. ಕಳೆಯೋದನ್ನು ಕೂಡೋದಾಗಿ ಬರೆಯೋ ಈ ಒಂದು ಸಾಲನ್ನು ಪೆನ್ಸಿಲ್ ಉಳಿಸೋಕೆ ಹಾರಿಸುತ್ತಾರೆ. ಕೆಲವು ವಾರ ಹಾರಿಸೋಕೆ ಬಿಡಬೇಡಿ.

---

ಸೊನ್ನೆಯ_ನೆರೆ

"ಮೈನಸ್ ಇಂಟು ಮೈನಸ್" ಬಗ್ಗೆ. ಸಾಲದ ಕಥೆ ಕೂಡೋದಕ್ಕೆ ಸೊಗಸು. ಬ್ರಹ್ಮಗುಪ್ತ 628ರಲ್ಲೇ ಧನ, ಋಣ, ಶೂನ್ಯಗಳ ನಿಯಮ ಬರೆದಾಗಿಂದ ನಡೆದುಬಂದಿದೆ. ಗುಣಾಕಾರದಲ್ಲಿ ಸಾಲವನ್ನು ಸಾಲದಿಂದ ಗುಣಿಸೋದು ಅಂದರೆ ಏನು? ಏನೂ ಅಲ್ಲ. ಗೋಜಲಾಗಿದ್ದು ನಿಮ್ಮ ತಪ್ಪಲ್ಲ, ಆ ಕಥೆ ಅಲ್ಲೀತನಕ ಬರೋದೇ ಇಲ್ಲ.

ಮೊದಲು ಪಟ್ಟಿ ಬರೆಸಿ:

3 × (−4) = −12
2 × (−4) = −8
1 × (−4) = −4
0 × (−4) = 0

ಪ್ರತಿ ಸಾಲಿಗೆ ಉತ್ತರ 4 ಏರುತ್ತಿದೆ. ಮುಂದಿನ ಸಾಲು (−1) × (−4), ಅದೇ ನಡೆ ಮುಂದುವರಿದರೆ 4. ಆಮೇಲೆ 8, 12. ಬಹಳಷ್ಟು ಮಕ್ಕಳಿಗೆ ಇಷ್ಟು ಸಾಕು.

"ನಡೆ ಅಲ್ಲಿ ಬದಲಾಗಬಾರದು ಅಂತ ಯಾರು ಹೇಳಿದ್ದು?" ಅಂತ ಕೇಳೋ ಹುಡುಗಿಯಾದರೆ (ಕೇಳಬೇಕಾದ್ದೇ) ವಿಭಾಜಕ ನಿಯಮ (ಬ್ರಾಕೆಟ್ ಹೊರಗಿನ ಸಂಖ್ಯೆ ಒಳಗಿನ ಎರಡನ್ನೂ ಬೇರೆ ಬೇರೆ ಗುಣಿಸುತ್ತೆ ಅನ್ನೋದು) ತೋರಿಸಿ. 5 + (−5) = 0. ಹಾಗಾಗಿ (−3) × [5 + (−5)] ಕೂಡ 0. ಬಿಡಿಸಿದರೆ (−3) × 5 + (−3) × (−5) = 0. ಮೊದಲನೆಯದು −15. −15ಕ್ಕೆ ಏನು ಕೂಡಿದರೆ ಸೊನ್ನೆ? 15 ಮಾತ್ರ. ಆದ್ದರಿಂದ (−3) × (−5) = 15. ಬೇರೆ ಉತ್ತರ ಇಟ್ಟುಕೊಂಡರೆ ವಿಭಾಜಕ ನಿಯಮವನ್ನೇ ಕೈಬಿಡಬೇಕಾಗುತ್ತೆ.

ಭಾಗಾಕಾರಕ್ಕೆ ಬೇರೆ ನಿಯಮ ಕಲಿಸಬೇಡಿ, ಗುಣಾಕಾರವನ್ನೇ ತಿರುಗಿಸಿ ಕೇಳಿ. (−20) ÷ (−4): −4ನ್ನು ಯಾವುದರಿಂದ ಗುಣಿಸಿದರೆ −20? 5. ಇದೇ ಪ್ರಶ್ನೆ ಸೊನ್ನೆಯ ಗೊಂದಲವನ್ನೂ ಮುಗಿಸುತ್ತೆ: 0 ÷ (−7) = 0, ಆದರೆ (−7) ÷ 0ಕ್ಕೆ ಉತ್ತರವಿಲ್ಲ. ಸೊನ್ನೆಯನ್ನು ಏನರಿಂದ ಗುಣಿಸಿದರೂ −7 ಬರಲ್ಲ.

ಘಾತ ಬಂದಾಗ ಹೊಸ ಹಳ್ಳ ಕಾದಿರುತ್ತೆ. (−2)⁴ = 16, ಆದರೆ −2⁴ = −16, ಎರಡನೆಯದರಲ್ಲಿ ಘಾತ ಹಿಡಿದಿರೋದು 2ನ್ನು ಮಾತ್ರ. ಐಟಿ ಮನೆಗಳಲ್ಲಿ ಅಪ್ಪ ಅಮ್ಮ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡೋ ರೂಢಿ ಇರುತ್ತೆ, ಹುಷಾರು: ಎಕ್ಸೆಲ್‌ನಲ್ಲಿ −2ರ ವರ್ಗವನ್ನು ಬ್ರಾಕೆಟ್ ಇಲ್ಲದೆ ಹಾಕಿದರೆ 4 ಕೊಡುತ್ತೆ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ −4 ಕೊಡುತ್ತೆ. ಶಾಲೆಯ ಗಣಿತ ಪೈಥಾನ್ ಪರ.

ಋಣ ಇರಲಿ ಧನ ಇರಲಿ, ವರ್ಗ ಮಾಡಿದರೆ ಧನವೇ. ಹಾಗಾಗಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಬರೆದಿಟ್ಟವನು ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದಲ್ಲಿ. ಮಗಳಿಗೆ ಹೇಳಿ, ಅವಳ ಪಠ್ಯದ ಮಟ್ಟಿಗೆ ಅದು ಇವತ್ತಿಗೂ ಸರಿ.

---

ಮಲ್ಲೇಶ್ವರಂ_ಗಣಿತ

ಕೊನೆಗೆ ಒಂದು ತಪಾಸಣೆ. ನೂರು ಲೆಕ್ಕದ ಬದಲು ಈ ಐದನ್ನು ಒಂದೇ ಹಾಳೆಯಲ್ಲಿ, ಇದೇ ಕ್ರಮದಲ್ಲಿ ಕೊಡಿ. ಅಂಕಿ ಅವೇ ಇರುತ್ತವೆ, ಚಿಹ್ನೆ ಮಾತ್ರ ಬೇರೆ:

−7 − 5
(−7) × (−5)
−7 − (−5)
−7 + (−5)
7 − (−5)

ಉತ್ತರ: −12, 35, −2, −12, 12.

ಮೊದಲನೆಯದು 12 ಬಂದರೆ ಮಂತ್ರ ಇನ್ನೂ ಬಿಟ್ಟಿಲ್ಲ, "ಋಣ, ಕಳೆ" ಓದು ಮುಂದುವರಿಸಿ. ಮೂರನೆಯದು ±12 ಅಥವಾ ಐದನೆಯದು 2 ಆದರೆ ಬ್ರಾಕೆಟ್ ನುಂಗುತ್ತಿದ್ದಾಳೆ, ಬೀಜಕ್ಕೆ ವಾಪಸ್ ಹೋಗಿ. ಮೂರನೆಯದು 2 ಆದರೆ ಹೆಜ್ಜೆ ಸರಿ, ಕೊನೆಯ ಚಿಹ್ನೆ ತಪ್ಪು. ಎರಡನೆಯದು −35 ಆದರೆ ಕೂಡು-ಕಳೆ ತಿದ್ದುವಾಗ ಗುಣಾಕಾರ ಅಲುಗಾಡಿದೆ, ಹೆದರಬೇಡಿ, ಮೇಲಿನ ಪಟ್ಟಿ ಒಮ್ಮೆ ಬರೆಸಿದರೆ ಆಯಿತು. ಐದೂ ಸರಿಯಾದರೆ ಎರಡು ವಾರ ಬಿಟ್ಟು 7, 5ರ ಬದಲು 18, 11 ಹಾಕಿ ಮತ್ತೆ ಕೊಡಿ, ಕ್ರಮವನ್ನೂ ಕಲಸಿ. ಅದೂ ಸರಿ ಬಂದ ಮೇಲೆ ಬೇಕಾದರೆ ನಿಮ್ಮ ನೂರು ಲೆಕ್ಕ ಮಾಡಿಸಿ.